ಸಂಗ್ರಹಕ್ಕೆಂದೇ ತಯಾರಾದ ವಸ್ತುಗಳು: ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದಕ್ಕೆ ಬೇಡ

ಸೋದರಮಾವ ತೀರಿಕೊಂಡು ವರ್ಷವಾದ ಮೇಲೆ ಅವರ ಬೀರುವಿನ ಕೆಳಖಾನೆಯಲ್ಲಿ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಮುಚ್ಚಳ ತೆಗೆದರೆ ನೀಲಿ ಮಖಮಲ್ಲು, ಅದರಲ್ಲಿ ಸಾಲುಸಾಲಾಗಿ ಗುಂಡನೆಯ ಗುಳಿಗಳು, ಗುಳಿಗೊಂದು ಬೆಳ್ಳಿ ಪದಕ. ಒಟ್ಟು ಐವತ್ತು. ತಿಂಗಳಿಗೊಂದರಂತೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕಂತು ಕಟ್ಟಿ ತರಿಸಿಕೊಂಡಿದ್ದರು. ಪ್ರತಿಯೊಂದಕ್ಕೂ ಸಂಖ್ಯೆ ಹಾಕಿ ಸಹಿ ಮಾಡಿದ ಪ್ರಮಾಣಪತ್ರವಿತ್ತು. ಅತ್ತೆಗೆ ಆಗ ದುಡ್ಡು ಬೇಕಾಗಿತ್ತು, ಮಾರಿಕೊಡು ಎಂದು ನನ್ನ ಕೈಗೆ ಕೊಟ್ಟರು.

ಹಳೆಯ ನಾಣ್ಯಗಳ ವ್ಯಾಪಾರಿ ಪ್ರಮಾಣಪತ್ರಗಳ ಕಟ್ಟನ್ನು ಬಿಚ್ಚಲೂ ಇಲ್ಲ, ಹಾಗೇ ಪಕ್ಕಕ್ಕಿಟ್ಟರು. ಪದಕಗಳನ್ನು ಹತ್ತುಹತ್ತಾಗಿ ತಕ್ಕಡಿಗೆ ಹಾಕಿ ತೂಕ ಬರೆದುಕೊಂಡರು. ಆ ದಿನದ ಬೆಳ್ಳಿ ದರಕ್ಕೆ ಗುಣಿಸಿ, ಕರಗಿಸುವ ಖರ್ಚೆಂದು ಒಂದಿಷ್ಟು ಕಳೆದು, ಬಂದ ಮೊತ್ತವನ್ನು ಚೀಟಿಯಲ್ಲಿ ಬರೆದು ನನ್ನ ಮುಂದೆ ತಳ್ಳಿದರು. "ಪೆಟ್ಟಿಗೆ ನೀವೇ ಇಟ್ಟುಕೊಳ್ಳಿ" ಎಂದರು. ಮಾವ ಕಟ್ಟಿದ ಕಂತುಗಳ ರಸೀದಿಯೂ ಆ ಪೆಟ್ಟಿಗೆಯಲ್ಲೇ ಇತ್ತು. ಅಷ್ಟು ವರ್ಷಗಳಲ್ಲಿ ದುಡ್ಡಿನ ಬೆಲೆ ಇಳಿದದ್ದನ್ನು ಲೆಕ್ಕಕ್ಕೆ ಹಿಡಿದರೆ ಕೈಗೆ ಬಂದದ್ದು ಕಾಲುಭಾಗವೂ ಇರಲಿಲ್ಲ.

ಅಂದಿನಿಂದ ಈ ವಿಷಯವನ್ನು ಬಿಡದೆ ಓದಿದ್ದೇನೆ, ಸಣ್ಣ ಮೊತ್ತದಲ್ಲಿ ಕೊಂಡು ಮಾರಿಯೂ ನೋಡಿದ್ದೇನೆ. ಪೋಕೆಮಾನ್‌ನಂಥ ಆಟದ ಕಾರ್ಡ್‌ಗಳ ಬಾಕ್ಸ್ ಸೀಲ್ ಒಡೆಯದೆ ಇಡಲೇ, ಸ್ಮರಣಾರ್ಥ ನಾಣ್ಯ ಕೊಳ್ಳಲೇ, ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆಗಳ ಲೆಗೊ ಸೆಟ್ ತೆಗೆದಿಡಲೇ ಎಂದು ಕೇಳುವವರು ಈಗ ತುಂಬ ಜನ. ಈ ಬರಹ ಅವರಿಗಾಗಿ. ಇಲ್ಲಿ ಮಾತಾಡುತ್ತಿರುವುದು ಸಂಗ್ರಹಿಸಲೆಂದೇ ಕಾರ್ಖಾನೆಯಲ್ಲಿ ತಯಾರಾಗಿ, ಸಂಗ್ರಹಯೋಗ್ಯ ಎಂದೇ ಮಾರಾಟವಾಗುವ ವಸ್ತುಗಳ ಬಗ್ಗೆ. ಪುರಾತನ ವಸ್ತು, ಮೂಲ ಚಿತ್ರಕಲೆ ಬೇರೆಯದೇ ಲೋಕ.

ಮೊದಲು ಅಳತೆಗೋಲು

ಯಾವ ವಸ್ತುವನ್ನೇ ಆಗಲಿ ನಾನು ನಾಲ್ಕು ಪ್ರಶ್ನೆ ಕೇಳಿ ನೋಡುತ್ತೇನೆ. ಮೊದಲನೆಯದೇ ಮುಖ್ಯ: ಇನ್ನಷ್ಟು ತಯಾರಿಸುವ ಅಧಿಕಾರ ಯಾರ ಕೈಯಲ್ಲಿದೆ?

1962ರಲ್ಲಿ ಅಮೆರಿಕದ ಅಂಚೆ ಇಲಾಖೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಡಾಗ್ ಹಮ್ಮರ್‌ಷೋಲ್ಡ್ ನೆನಪಿಗೆ ಒಂದು ಅಂಚೆಚೀಟಿ ತಂದಿತು. ಕೆಲವು ಹಾಳೆಗಳಲ್ಲಿ ಹಿನ್ನೆಲೆಯ ಹಳದಿ ಬಣ್ಣ ತಲೆಕೆಳಗಾಗಿ ಅಚ್ಚಾಗಿತ್ತು. ಅದು ಸಿಕ್ಕವರು ಕೈಗೆ ನಿಧಿ ಬಂತೆಂದು ಸಂಭ್ರಮಪಟ್ಟರು. ಆದರೆ ಅಲ್ಲಿನ ಪೋಸ್ಟ್‌ಮಾಸ್ಟರ್ ಜನರಲ್ ಅದೇ ತಪ್ಪನ್ನು ಬೇಕೆಂದೇ ಮಾಡಿ, ಅಂಥ ಚೀಟಿಗಳನ್ನು ಕೋಟಿಗಟ್ಟಲೆ ಅಚ್ಚು ಹಾಕಿಸಿದರು. ನಿಧಿ ಕೆಲವೇ ದಿನಗಳಲ್ಲಿ ಮುಖಬೆಲೆಗೆ ಇಳಿಯಿತು. ಅದೇ ಇಲಾಖೆ 2013ರಲ್ಲಿ ಉಲ್ಟಾ ಮಾಡಿತು. 1918ರ ತಲೆಕೆಳಗಾದ ವಿಮಾನದ ಪ್ರಸಿದ್ಧ ಚೀಟಿಯನ್ನು ಮರುಮುದ್ರಿಸುವಾಗ, ವಿಮಾನ ನೆಟ್ಟಗಿರುವ 100 ಹಾಳೆಗಳನ್ನು ಅಚ್ಚುಹಾಕಿ ಉಳಿದವುಗಳ ನಡುವೆ ಬೆರೆಸಿ ಬಿಟ್ಟಿತು. ಒಂದೇ ಸಂಸ್ಥೆ ಒಮ್ಮೆ ಅಪರೂಪವನ್ನು ಅಳಿಸಿತು, ಇನ್ನೊಮ್ಮೆ ಹುಟ್ಟಿಸಿತು. ಕೊಂಡವರ ಕೈಯಲ್ಲಿ ಏನೂ ಇರಲಿಲ್ಲ.

"ಲಿಮಿಟೆಡ್ ಎಡಿಷನ್" ಎಂಬ ಮಾತನ್ನು ಇದರ ಜತೆಗಿಟ್ಟು ಓದಿ. ಮಿತಿ ಎಷ್ಟು ಎಂದು ಕೇಳಿ. ಸಂಗ್ರಹಯೋಗ್ಯ ತಟ್ಟೆಗಳ ಮೇಲೆ "ಇಷ್ಟು ದಿನ ಕುಲುಮೆ ಉರಿದಾಗ ತಯಾರಾದಷ್ಟು ಮಾತ್ರ" ಎಂದು ಬರೆಯುತ್ತಿದ್ದರು. ಕುಲುಮೆ ದಿನಕ್ಕೆ ಎಷ್ಟು ತಟ್ಟೆ ಸುಡುತ್ತದೆ ಎಂಬುದನ್ನು ಮಾತ್ರ ಬರೆಯುತ್ತಿರಲಿಲ್ಲ. ಪದಕಗಳ ವಿಷಯದಲ್ಲಿ "ಈ ತಾರೀಖಿನೊಳಗೆ ಕೇಳಿದವರಿಗೆ ಮಾತ್ರ" ಎಂಬುದೇ ಮಿತಿ. ಕೇಳಿದವರಿಗೆಲ್ಲ ಸಿಕ್ಕಿದೆ ಎಂದಮೇಲೆ ನಾಳೆ ಅದನ್ನು ನಿಮ್ಮಿಂದ ಕೊಳ್ಳಲು ಯಾರು ಉಳಿದರು?

ಎರಡನೆಯ ಪ್ರಶ್ನೆ: ಎಷ್ಟು ಉಳಿದಿವೆ? ತಯಾರಾದದ್ದೆಷ್ಟು ಎಂಬುದಕ್ಕಿಂತ ಇದು ದೊಡ್ಡ ಪ್ರಶ್ನೆ. ಟಾಪ್ಸ್ ಕಂಪನಿ 1952ರಲ್ಲಿ ತಂದ, ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡ್‌ಗಳಲ್ಲಿ ಕೊನೆಯ ಸರಣಿ ಆಟದ ಋತು ಮುಗಿಯುವ ಹೊತ್ತಿಗೆ ಬಂದು ಮಾರಾಟವಾಗದೆ ಗೋದಾಮಿನಲ್ಲಿ ಬಿದ್ದಿತ್ತು. 1960ರಲ್ಲಿ ಆ ಪೆಟ್ಟಿಗೆಗಳನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದ್ದಾಗಿ ಆ ಕಾರ್ಡ್‌ಗಳನ್ನು ರೂಪಿಸಿದ ಸೈ ಬರ್ಗರ್ ಅವರೇ ಹೇಳಿದ್ದಾರೆ. ಉಳಿದವುಗಳನ್ನು ಮಕ್ಕಳು ಜೇಬಿನಲ್ಲಿಟ್ಟು ಮಡಚಿದರು, ಆಡಿ ಹರಿದರು. ಆ ಸರಣಿಯಲ್ಲಿದ್ದ ಆಟಗಾರ ಮಿಕ್ಕಿ ಮ್ಯಾಂಟಲ್ ಅವರ ಕಾರ್ಡ್ ಒಂದು 2022ರ ಆಗಸ್ಟ್‌ನಲ್ಲಿ 1 ಕೋಟಿ 26 ಲಕ್ಷ ಡಾಲರ್‌ಗೆ ಹರಾಜಾಯಿತು.

2023ರ ಮಾರ್ಚ್‌ನಲ್ಲಿ ವಿನೈಲ್ ಗೊಂಬೆಗಳ ಕಂಪನಿ ಫಂಕೊ ಕೂಡ 3 ಕೋಟಿ ಡಾಲರ್‌ಗೂ ಮಿಕ್ಕ ಬೆಲೆಯ ಉಳಿದ ದಾಸ್ತಾನನ್ನು ಕಸದ ಗುಂಡಿಗೆ ಹಾಕುವುದಾಗಿ ಪ್ರಕಟಿಸಿತು. ಅದರಿಂದ ಗೊಂಬೆಗಳು ಅಪರೂಪವಾದವೇ? ಇಲ್ಲ. ಏಕೆಂದರೆ ಮಾರಾಟವಾದ ಗೊಂಬೆಗಳು ಬಾಕ್ಸ್ ಸಮೇತ, ಮೂಲೆ ಮುಕ್ಕಾಗದಂತೆ, ಎಷ್ಟೋ ಮನೆಗಳ ಕಪಾಟಿನಲ್ಲಿ ಭದ್ರವಾಗಿವೆ. ಹಳೆಯ ವಸ್ತುವಿಗೆ ಬೆಲೆ ಬಂದದ್ದು ಅದಕ್ಕೆ ಮುಂದೊಂದು ದಿನ ಬೆಲೆ ಬರುತ್ತದೆಂದು ಯಾರಿಗೂ ಗೊತ್ತಿಲ್ಲದೆ ಎಲ್ಲರೂ ಎಸೆದದ್ದರಿಂದ. ಸಂಗ್ರಹಿಸಲೆಂದೇ ಕೊಂಡದ್ದನ್ನು ಯಾರೂ ಎಸೆಯುವುದಿಲ್ಲ. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ಅರ್ಧ ನಿರ್ಧಾರ ಆದ ಹಾಗೆ.

ಮೂರನೆಯದು: ಅಭಿಮಾನಿಗಳೆಲ್ಲ ಬಿಟ್ಟುಹೋದ ದಿನವೂ ವಸ್ತುವಿಗೆ ಒಂದು ಬೆಲೆ ಇರುತ್ತದೆಯೇ? ಚಿನ್ನ ಬೆಳ್ಳಿಯಾದರೆ ತೂಕಕ್ಕೆ ಹೋಗುತ್ತದೆ. ಆಟಿಕೆಯಾದರೆ ಮಗು ಆಡಬಹುದು. ಚಿತ್ರ ಅಚ್ಚಾದ ತಟ್ಟೆಗೆ ಆ ಆಸರೆ ಇಲ್ಲ. ಎಷ್ಟೋ ತಟ್ಟೆಗಳ ಹಿಂದೆ "ಆಹಾರಕ್ಕೆ ಬಳಸಬೇಡಿ" ಎಂದೇ ಬರೆದಿರುತ್ತದೆ.

ನಾಲ್ಕನೆಯದು ಮಾರುವ ದಿನದ ಲೆಕ್ಕ. ಕೊಳ್ಳುವಾಗ ಇದನ್ನು ಬಹುತೇಕ ಯಾರೂ ಹಾಕುವುದಿಲ್ಲ, ಹಾಗಾಗಿ ಇಲ್ಲಿ ಹಾಕಿಯೇ ತೋರಿಸುತ್ತೇನೆ. ನೂರು ಕೊಟ್ಟು ಕೊಂಡ ವಸ್ತು ಹತ್ತು ವರ್ಷದಲ್ಲಿ ನೂರೈವತ್ತಾಯಿತು ಎನ್ನಿ. ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಿದರೆ ಕಮಿಷನ್ ಮತ್ತು ಪಾವತಿ ಶುಲ್ಕಕ್ಕೆ ನೂರಕ್ಕೆ ಹದಿನೈದರಷ್ಟು ಹೋಯಿತೆಂದು ಇಟ್ಟುಕೊಳ್ಳಿ, ಉಳಿದದ್ದು 127. ಪ್ಯಾಕಿಂಗ್, ವಿಮೆ, ಸಾಗಣೆಗೆ ಹತ್ತು ಕಳೆಯಿರಿ, 117. ಅಂದರೆ ಹತ್ತು ವರ್ಷದಲ್ಲಿ ನೂರಕ್ಕೆ ಹದಿನೇಳು, ವರ್ಷಕ್ಕೆ ಒಂದೂವರೆ ಚಿಲ್ಲರೆ. ಸಾಮಾನ್ಯ ಹಣದುಬ್ಬರವನ್ನೂ ಇದು ದಾಟುವುದಿಲ್ಲ. ಆನ್‌ಲೈನ್ ತಾಪತ್ರಯ ಬೇಡವೆಂದು ವ್ಯಾಪಾರಿಗೆ ಕೊಟ್ಟರೆ, ಅವರು ಮಾರುವ ಬೆಲೆಯ ಅರ್ಧ ಕೊಟ್ಟರೂ ನ್ಯಾಯವೇ, ಅವರೂ ಅಂಗಡಿ ನಡೆಸಬೇಕು. ಹಾಗಾದರೆ ನಿಮ್ಮ ಅಸಲು ವಾಪಸ್ ಬರಬೇಕಾದರೂ ಅಂಗಡಿ ಬೆಲೆ ಎರಡು ಪಟ್ಟಾಗಿರಬೇಕು. ಇಡುವ ಜಾಗ, ತೇವ, ಬಿಸಿಲು, ನಕಲಿಯ ಭಯ ಎಲ್ಲವೂ ಇದರ ಮೇಲೆ.

ಈ ನಾಲ್ಕನ್ನೂ ಹಿಡಿದುಕೊಂಡು ಒಂದೊಂದೇ ವಸ್ತುವಿಗೆ ಬರೋಣ.

ತಟ್ಟೆ, ಪಿಂಗಾಣಿ ಬೊಂಬೆ, ಮೆತ್ತನೆಯ ಗೊಂಬೆ

ಇಲ್ಲಿ ನನ್ನ ಉತ್ತರ ನೇರ: ಹೂಡಿಕೆಗೆ ಬೇಡ.

ಈ ಪರಂಪರೆ ಒಳ್ಳೆಯ ರೀತಿಯಲ್ಲೇ ಶುರುವಾಯಿತು. ಡೆನ್ಮಾರ್ಕಿನ ಬಿಂಗ್ ಅಂಡ್ ಗ್ರೋಂಡಾಲ್ 1895ರಲ್ಲಿ ಮೊದಲ ಕ್ರಿಸ್‌ಮಸ್ ತಟ್ಟೆ ತಂದಾಗ ತಯಾರಾದವು ಕೆಲವು ನೂರು ಮಾತ್ರ. ಅದು ಇಂದಿಗೂ ಸಂಗ್ರಹಕಾರರು ಹುಡುಕುವ ವಸ್ತು. ಆ ಕಥೆಯನ್ನೇ ಬಂಡವಾಳ ಮಾಡಿಕೊಂಡು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ತಟ್ಟೆಗಳು ರಾಶಿರಾಶಿಯಾಗಿ ತಯಾರಾದವು. ಕೊಂಡವರ ಪೀಳಿಗೆಗೆ ಈಗ ವಯಸ್ಸಾಗಿದೆ. ಮಕ್ಕಳಿಗೆ ಅವುಗಳ ಮೇಲೆ ಆಸೆಯಿಲ್ಲ. ಎಲ್ಲರೂ ಒಟ್ಟಿಗೆ ಮಾರಲು ಬಂದು, ಕೊಳ್ಳುವವರು ಇಲ್ಲದಂತಾಗಿದೆ.

ಬೀನಿ ಬೇಬೀಸ್ ಗೊಂಬೆಗಳದ್ದು ಇನ್ನೂ ಕಣ್ಣಿಗೆ ಕಟ್ಟುವ ಕಥೆ. ಟೈ ವಾರ್ನರ್ ಅವರ ಕಂಪನಿ 1993ರಲ್ಲಿ ಇವನ್ನು ತಂದಿತು. ಗೊಂಬೆ ಅಗ್ಗ. ಆದರೆ ಆಗಾಗ ಒಂದೊಂದನ್ನು "ನಿವೃತ್ತಿ" ಎಂದು ಘೋಷಿಸಿ ತಯಾರಿಕೆ ನಿಲ್ಲಿಸುತ್ತಿದ್ದರು. ನಿಂತದ್ದಕ್ಕೆ ಮರುಮಾರಾಟದಲ್ಲಿ ಬೆಲೆ ಏರುತ್ತಿತ್ತು. ಜನ ಗೊಂಬೆಯ ಕಿವಿಯ ಚೀಟಿಗೆ ಪ್ಲಾಸ್ಟಿಕ್ ಕವಚ ಹಾಕಿ, ಪೆಟ್ಟಿಗೆಯಲ್ಲಿಟ್ಟು, ಮಕ್ಕಳ ಓದಿಗೆ ಆಗುತ್ತದೆಂದು ಕೂಡಿಟ್ಟರು. 1999ರ ಆಗಸ್ಟ್ ಕೊನೆಗೆ ಕಂಪನಿ ವರ್ಷಾಂತ್ಯಕ್ಕೆ ಎಲ್ಲವನ್ನೂ ನಿಲ್ಲಿಸುವುದಾಗಿ ಹೇಳಿತು. ಆಮೇಲೆ ಜನರ ಮತ ಕೇಳಿ, ಮತ್ತೆ ಮುಂದುವರಿಸಿತು. ನಿಲ್ಲಿಸುವುದೂ ಅವರ ಇಷ್ಟ, ಮುಂದುವರಿಸುವುದೂ ಅವರ ಇಷ್ಟ ಎಂಬುದು ಅಂದು ಎಲ್ಲರಿಗೂ ಕಾಣಿಸಿತು. ಅದಾದ ಮೇಲೆ ಬೆಲೆ ಕುಸಿಯುತ್ತಲೇ ಹೋಯಿತು. ಅದೇ ವರ್ಷದ ಕೊನೆಗೆ ಲಾಸ್ ವೇಗಾಸ್‌ನ ನ್ಯಾಯಾಲಯವೊಂದರಲ್ಲಿ ವಿಚ್ಛೇದನ ಪಡೆದ ದಂಪತಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ಬೀನಿ ಗೊಂಬೆಗಳನ್ನು ಒಂದೊಂದಾಗಿ ಪಾಲು ಮಾಡಿಕೊಳ್ಳುತ್ತಿರುವ ಫೋಟೊ ಪತ್ರಿಕೆಗಳಲ್ಲಿ ಬಂದಿತ್ತು. ಆಸ್ತಿ ಎಂದು ನಂಬಿದ್ದರಿಂದಲೇ ಅಲ್ಲವೇ ಹಾಗೆ ಪಾಲು ಮಾಡಿದ್ದು? ಆ ಚಿತ್ರ ನೋಡಿದಾಗಲೆಲ್ಲ ನನಗೆ ಮಾವನ ಮಖಮಲ್ಲಿನ ಪೆಟ್ಟಿಗೆಯೇ ನೆನಪಾಗುತ್ತದೆ.

ವಿನೈಲ್ ಗೊಂಬೆಗಳಿಗೂ ಇದೇ ತೀರ್ಪು. ಯಾವುದೋ ಒಂದು ಸಮ್ಮೇಳನದಲ್ಲಿ ಮಾತ್ರ ಹಂಚಿದ ಕೆಲವೇ ಪ್ರತಿಗಳಿಗೆ ಬೆಲೆ ಬಂದಿರಬಹುದು. ಅದು ನಿಮ್ಮ ಕೈಗೆ ಬರುವ ಹೊತ್ತಿಗೆ ಏರಿದ ಬೆಲೆಗೇ ಬಂದಿರುತ್ತದೆ.

ಪದಕ, ಸ್ಮರಣಾರ್ಥ ನಾಣ್ಯ, ಮತ್ತು ತೂಕದ ನಾಣ್ಯ

ಈ ಮೂರನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ. ಮಾವ ಮೋಸಹೋದದ್ದೂ ಇಲ್ಲೇ.

ಖಾಸಗಿ ಟಂಕಸಾಲೆಯ ಪದಕ ನಾಣ್ಯವೇ ಅಲ್ಲ, ಅದಕ್ಕೆ ಮುಖಬೆಲೆ ಇಲ್ಲ. 1964ರಲ್ಲಿ ಜೋಸೆಫ್ ಸೀಗಲ್ ಸ್ಥಾಪಿಸಿದ ಫ್ರಾಂಕ್ಲಿನ್ ಮಿಂಟ್ ಇಂಥ ಬೆಳ್ಳಿ ಪದಕಗಳ ಸರಣಿಗಳನ್ನು ಚಂದಾದಾರರಿಗೆ ಮಾರಿ ದೊಡ್ಡದಾಗಿ ಬೆಳೆಯಿತು. ಕೆಲಸ ನಿಜಕ್ಕೂ ಚೆಂದ, ಬೆಳ್ಳಿಯೂ ಅಪ್ಪಟ ಸ್ಟರ್ಲಿಂಗ್. ಆದರೆ ಬೆಲೆಯಲ್ಲಿ ಬೆಳ್ಳಿಯ ಪಾಲು ಸಣ್ಣದು. 1980ರ ಜನವರಿಯಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರ್ ಹತ್ತಿರ ಹೋದಾಗ ಇಂಥ ಸರಣಿಗಳು ಎಷ್ಟೋ ಕರಗಿಹೋದವು. ಕರಗಿಸಿದವರೇ ಲಾಭ ಕಂಡದ್ದು. ಮಾರ್ಚ್ ಕೊನೆಗೆ ಬೆಳ್ಳಿ 11 ಡಾಲರ್‌ಗೂ ಕೆಳಗೆ ಬಿತ್ತು, ಕಾದು ಕೂತವರ ಕೈಯಲ್ಲಿ ಪದಕ ಉಳಿಯಿತು.

ಸರ್ಕಾರಿ ಟಂಕಸಾಲೆಯ ಸ್ಮರಣಾರ್ಥ ನಾಣ್ಯ ಒಂದು ಮೆಟ್ಟಿಲು ಮೇಲೆ. ಎಷ್ಟು ಟಂಕಿಸಿದರು ಎಂಬ ಲೆಕ್ಕ ಹಲವು ಟಂಕಸಾಲೆಗಳು ಪ್ರಕಟಿಸುತ್ತವೆ. ನಕಲಿ ಮಾಡಿದರೆ ಕಾನೂನು ಇದೆ. ಆದರೂ ಟಂಕಸಾಲೆ ಕೇಳುವ ಬೆಲೆಗೂ ಒಳಗಿನ ಲೋಹಕ್ಕೂ ಅಂತರ ದೊಡ್ಡದಾಗಿದ್ದರೆ ಆ ಅಂತರ ನಿಮ್ಮದು ಹೋಯಿತೆಂದೇ ತಿಳಿಯಿರಿ. ಚಲಾವಣೆಗೆಂದು ಬಿಟ್ಟ ಸ್ಮರಣಾರ್ಥ ನಾಣ್ಯವಂತೂ ಕೂಡಿಡುವುದರಲ್ಲಿ ಅರ್ಥವೇ ಇಲ್ಲ. ಅಮೆರಿಕ 1999ರಿಂದ 2008ರವರೆಗೆ ರಾಜ್ಯಕ್ಕೊಂದರಂತೆ ತಂದ ಕಾಲು ಡಾಲರ್ ನಾಣ್ಯಗಳು ಒಟ್ಟು 3,400 ಕೋಟಿಗೂ ಹೆಚ್ಚು. ಜನ ಅದನ್ನು ಡಬ್ಬಿಯಲ್ಲಿ ಕೂಡಿಟ್ಟಷ್ಟೂ ಸರ್ಕಾರಕ್ಕೆ ಲಾಭ, ಏಕೆಂದರೆ ನಾಣ್ಯ ಮಾಡುವ ಖರ್ಚು ಮುಖಬೆಲೆಗಿಂತ ಕಡಿಮೆ.

ಹೂಡಿಕೆಯ ಲೆಕ್ಕಕ್ಕೆ ನಿಲ್ಲುವುದು ತೂಕದ ನಾಣ್ಯ, ಅಂದರೆ ಒಳಗಿನ ಚಿನ್ನದ ತೂಕಕ್ಕೇ ಬೆಲೆ ಸಿಗುವ ನಾಣ್ಯ: ದಕ್ಷಿಣ ಆಫ್ರಿಕಾದ ಕ್ರೂಗರ್‌ರ್ಯಾಂಡ್ (1967ರಿಂದ), ಕೆನಡಾದ ಮೇಪಲ್ ಲೀಫ್ (1979ರಿಂದ), ಅಮೆರಿಕನ್ ಈಗಲ್ (1986ರಿಂದ). ಇವು ಲೋಹದ ದರದ ಮೇಲೆ ಸಣ್ಣ ಮೊತ್ತ ಸೇರಿಸಿ ಮಾರಾಟವಾಗುತ್ತವೆ, ಮಾರುವಾಗಲೂ ಲೋಹದ ದರದ ಹತ್ತಿರವೇ ಸಿಗುತ್ತದೆ. ಹಾಗೆ ನೋಡಿದರೆ ನೀವು ಕೊಳ್ಳುತ್ತಿರುವುದು ಲೋಹವನ್ನು. ಚಿತ್ರ ಅದರ ಜತೆಗೆ ಬರುವ ಸಂತೋಷ. ಚಿನ್ನ ಬೇಡವೆನ್ನುವವರಿಗೆ ಇದೂ ಬೇಡ. ಚಿನ್ನ ಬೇಕು, ಕೈಯಲ್ಲಿ ಹಿಡಿದು ನೋಡುವಂಥದ್ದೂ ಬೇಕು ಎನ್ನುವವರಿಗೆ ಇದಕ್ಕಿಂತ ಸರಿಯಾದದ್ದಿಲ್ಲ.

ಅಂಚೆಚೀಟಿ

ಇಲ್ಲಿ ಒಂದೇ ಎಚ್ಚರಿಕೆ. 2006ರ ಮೇ ತಿಂಗಳಲ್ಲಿ ಸ್ಪೇನಿನ ಪೊಲೀಸರು ಅಫಿನ್ಸಾ ಮತ್ತು ಫೋರಂ ಫಿಲಾಟೆಲಿಕೊ ಎಂಬ ಎರಡು ಸಂಸ್ಥೆಗಳ ಮೇಲೆ ದಾಳಿ ಮಾಡಿದರು. ಅಂಚೆಚೀಟಿ ಕೊಂಡು ನಮ್ಮಲ್ಲೇ ಬಿಡಿ, ಅವಧಿ ಮುಗಿದ ಮೇಲೆ ಬಡ್ಡಿ ಸೇರಿಸಿ ನಾವೇ ವಾಪಸ್ ಕೊಳ್ಳುತ್ತೇವೆ ಎಂಬ ಖಾತ್ರಿಯ ಮೇಲೆ 4 ಲಕ್ಷಕ್ಕೂ ಹೆಚ್ಚು ಜನ ತಮ್ಮ ಉಳಿತಾಯ ಹಾಕಿದ್ದರು. ಹಳಬರ ಹಣ ಹೊಸಬರಿಂದ ಬರುತ್ತಿತ್ತು, ಚೀಟಿಗಳಿಗೆ ಬರೆದಿದ್ದ ಬೆಲೆ ಪೊಳ್ಳು. ಅಂಚೆಚೀಟಿಯೇ ಆಗಲಿ, ಮದ್ಯದ ಪೀಪಾಯಿಯೇ ಆಗಲಿ, ಸಂಗ್ರಹವಸ್ತುವಿನ ಹೆಸರಲ್ಲಿ ಖಾತ್ರಿ ಆದಾಯದ ಮಾತು ಬಂದರೆ ಅಲ್ಲಿಂದ ಎದ್ದು ಬನ್ನಿ. ಹೊಸದಾಗಿ ಬರುವ ಚೀಟಿಗಳ ಸಂಗ್ರಹ ಸಂತೋಷಕ್ಕಿರಲಿ.

ಕಾರ್ಡ್‌ಗಳು

ಎಲ್ಲಕ್ಕಿಂತ ಕಷ್ಟದ ತೀರ್ಮಾನ ಇಲ್ಲಿದೆ. ಏಕೆಂದರೆ ಇಲ್ಲಿ ನಿಜವಾಗಿಯೂ ಲಾಭ ಮಾಡಿದವರಿದ್ದಾರೆ.

ಮೊದಲು ಹತ್ತಿರದಿಂದ ನೋಡೋಣ. ಒಂದು ಕಾರ್ಡನ್ನು ದೀಪದ ಕೆಳಗೆ ಹಿಡಿದು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಅದರ ಮೂಲೆ ನೋಡಿ. ಬರಿಗಣ್ಣಿಗೆ ಹೊಚ್ಚಹೊಸದಾಗಿ ಕಂಡ ಮೂಲೆಯಲ್ಲಿ ಬಣ್ಣ ಎದ್ದು, ಒಳಗಿನ ಕಾಗದದ ಬಿಳಿ ನಾರು ಒಂದು ಚುಕ್ಕೆಯಷ್ಟು ಇಣುಕುತ್ತಿರುತ್ತದೆ. ಎಡ ಅಂಚು ಬಲ ಅಂಚಿಗಿಂತ ಕೂದಲೆಳೆ ಅಗಲ. ಓರೆಯಾಗಿ ಹಿಡಿದರೆ ಹೊಳಪಿನ ಮೇಲೆ ಕಾರ್ಖಾನೆಯ ಉರುಳೆ ಬಿಟ್ಟ ಗೆರೆ. ನಾನೇ ಪ್ಯಾಕ್ ಒಡೆದು, ಉಸಿರು ಬಿಗಿಹಿಡಿದು ನೇರವಾಗಿ ಕವಚಕ್ಕೆ ಜಾರಿಸಿದ ಕಾರ್ಡ್ ಶ್ರೇಣೀಕರಣಕ್ಕೆ, ಅಂದರೆ ಕಾರ್ಡಿನ ಸ್ಥಿತಿ ನೋಡಿ ಹತ್ತಕ್ಕೆ ಇಷ್ಟೆಂದು ಅಂಕ ಕೊಡುವ ಸಂಸ್ಥೆಗೆ, ಹೋಗಿ ಹತ್ತರ ಬದಲು ಎಂಟಾಗಿ ಬಂದದ್ದು ಇಂಥದ್ದೇ ಒಂದು ಚುಕ್ಕೆಯಿಂದ. ಶ್ರೇಣೀಕರಣ ಮತ್ತು ಸಾಗಣೆಗೆ ಕೊಟ್ಟದ್ದು ಆ ಕಾರ್ಡಿನ ಬೆಲೆಗಿಂತ ಹೆಚ್ಚಾಗಿತ್ತು. ಹತ್ತಕ್ಕೂ ಎಂಟಕ್ಕೂ ನಡುವೆ ಬೆಲೆ ಹಲವು ಪಟ್ಟು ಕುಸಿಯುವ ಮಾರುಕಟ್ಟೆ ಇದು. ನೀವು ಪೋಕೆಮಾನ್ ಕೊಳ್ಳುತ್ತಿದ್ದೀರಿ ಎಂದುಕೊಂಡರೂ ನಿಜವಾಗಿ ಕೊಳ್ಳುತ್ತಿರುವುದು ಆ ಮೂಲೆಯನ್ನು.

ಈಗ ಪೂರೈಕೆ. ಪೋಕೆಮಾನ್ ಕಾರ್ಡ್‌ಗಳು ಜಪಾನಿನಲ್ಲಿ 1996ರಲ್ಲಿ ಬಂದವು, ಮಕ್ಕಳು ಆಡಿದರು, ಕಳೆದರು, ಮಡಚಿದರು. ಆ ಮೊದಲ ಮುದ್ರಣಗಳು ಶುಚಿಯಾಗಿ ಉಳಿದದ್ದು ಕಡಿಮೆ. 2020ರ ಹೊತ್ತಿಗೆ ಅದೇ ಮಕ್ಕಳು ಕೈತುಂಬ ಸಂಪಾದಿಸುವ ದೊಡ್ಡವರಾಗಿದ್ದರು, ಬೆಲೆ ಚಿಮ್ಮಿತು. ಶ್ರೇಣೀಕರಣಕ್ಕೆ ಬಂದ ಕಾರ್ಡ್‌ಗಳ ರಾಶಿ ತಾಳಲಾರದೆ, ಆ ಕೆಲಸ ಮಾಡುವ ಪಿಎಸ್‌ಎ ಸಂಸ್ಥೆ 2021ರ ಮಾರ್ಚ್‌ನಲ್ಲಿ ತನ್ನ ಬಹುಪಾಲು ಸೇವೆಗಳಿಗೆ ಹೊಸ ಕಾರ್ಡ್ ತೆಗೆದುಕೊಳ್ಳುವುದನ್ನೇ ಕೆಲಕಾಲ ನಿಲ್ಲಿಸಿತು. ಪೋಕೆಮಾನ್ ಕಂಪನಿ ಏನು ಮಾಡಿತು? ಅಚ್ಚು ಹಾಕಿತು. 2022ರ ಮಾರ್ಚ್‌ಗೆ ಮುಗಿದ ಒಂದೇ ವರ್ಷದಲ್ಲಿ ಸುಮಾರು 900 ಕೋಟಿ ಕಾರ್ಡ್. ಹಾಗಾಗಿ "1999ರ ಕಾರ್ಡ್‌ಗೆ ಅಷ್ಟು ಬೆಲೆ ಬಂತು, ಇಂದಿನದಕ್ಕೂ ಬರುತ್ತದೆ" ಎಂಬ ತರ್ಕ ನಿಲ್ಲುವುದಿಲ್ಲ. ಬೇಸ್‌ಬಾಲ್ ಕಾರ್ಡ್ ಲೋಕ ಇದನ್ನು ಆಗಲೇ ಕಂಡಿದೆ. 1980ರ ದಶಕದ ಕೊನೆಯಿಂದ 1990ರ ದಶಕದ ಆರಂಭದವರೆಗೆ ಎಲ್ಲರೂ ಪೂರ್ತಿ ಪೆಟ್ಟಿಗೆ ಕೊಂಡಿಟ್ಟರು, ಕಂಪನಿಗಳು ಮಿತಿಮೀರಿ ಅಚ್ಚು ಹಾಕಿದವು. ಆ ಕಾಲಕ್ಕೆ ಇಂದು ಇರುವ ಹೆಸರೇ "ಜಂಕ್ ವ್ಯಾಕ್ಸ್", ಅಂದರೆ ಮೇಣದ ಕಾಗದದ ಪ್ಯಾಕ್‌ಗಳಲ್ಲಿ ಬಂದ ಕಸ.

ಮ್ಯಾಜಿಕ್: ದ ಗ್ಯಾದರಿಂಗ್ ಸ್ವಲ್ಪ ಬೇರೆ. 1993ರಲ್ಲಿ ಶುರುವಾದ ಈ ಆಟದಲ್ಲಿ ಕಂಪನಿ 1995ರಲ್ಲಿ ಹಳೆಯ ಕಾರ್ಡ್‌ಗಳನ್ನು ಮರುಮುದ್ರಿಸಿದಾಗ ಬೆಲೆ ಕುಸಿದು ಆಟಗಾರರು ತಿರುಗಿಬಿದ್ದರು. 1996ರಲ್ಲಿ ಕಂಪನಿ, ಇಂತಿಂಥ ಕಾರ್ಡ್‌ಗಳನ್ನು ಮತ್ತೆಂದೂ ಆಟಕ್ಕೆ ಬಳಸುವ ರೂಪದಲ್ಲಿ ಮುದ್ರಿಸುವುದಿಲ್ಲ ಎಂಬ ಪಟ್ಟಿ ಪ್ರಕಟಿಸಿತು. ತಯಾರಕನೇ ತನ್ನ ಕೈ ಕಟ್ಟಿಕೊಂಡ ಅಪರೂಪದ ಉದಾಹರಣೆ ಇದು. ಆ ಪಟ್ಟಿಯ ಕಾರ್ಡ್‌ಗಳು ಬೆಲೆ ಉಳಿಸಿಕೊಂಡದ್ದಕ್ಕೆ ಇದೊಂದು ಕಾರಣ, ಆಟದಲ್ಲಿ ಬಳಕೆ ಇರುವುದು ಇನ್ನೊಂದು. ಆದರೂ 2022ರಲ್ಲಿ ಕಂಪನಿ ಆ ಪಟ್ಟಿಯ ಕೆಲವು ಕಾರ್ಡ್‌ಗಳನ್ನು ಹಿಂಬದಿ ಬದಲಿಸಿ, ಅಧಿಕೃತ ಪಂದ್ಯದಲ್ಲಿ ಬಳಸುವಂತಿಲ್ಲ ಎಂದು ಹೇಳಿ, ನಾಲ್ಕು ಪ್ಯಾಕ್‌ಗೆ 999 ಡಾಲರ್‌ನಂತೆ ಮಾರಿತು. ಕೊಟ್ಟ ಮಾತು ಅಕ್ಷರಕ್ಕೆ ಉಳಿಯಿತು, ನಂಬಿದವರಿಗೆ ನೋವಾಯಿತು.

"ಸೀಲ್ ಒಡೆಯದ ಬಾಕ್ಸ್" ಸುರಕ್ಷಿತ ಎನ್ನುವವರು ಒಂದು ಘಟನೆ ನೆನಪಿಡಬೇಕು. ಯೂಟ್ಯೂಬರ್ ಲೋಗನ್ ಪಾಲ್ 35 ಲಕ್ಷ ಡಾಲರ್ ಕೊಟ್ಟು ಕೊಂಡ, ಪರಿಣತರು ಅಸಲಿ ಎಂದಿದ್ದ ಪೋಕೆಮಾನ್ ಪೆಟ್ಟಿಗೆಯನ್ನು 2022ರ ಜನವರಿಯಲ್ಲಿ ಒಡೆದಾಗ ಒಳಗಿದ್ದದ್ದು ಪೋಕೆಮಾನ್‌ಗೆ ಸಂಬಂಧವೇ ಇಲ್ಲದ ಜಿ.ಐ. ಜೋ ಕಾರ್ಡ್‌ಗಳು. ಒಡೆಯದೆ ಇದ್ದಿದ್ದರೆ ಅದು ಇನ್ನೊಬ್ಬರ ಕೈಗೆ ಅಸಲಿಯಾಗಿಯೇ ಹೋಗುತ್ತಿತ್ತು.

ಕಾರ್ಡ್‌ಗಳಲ್ಲಿ ದುಡ್ಡು ಹಾಕಲೇಬೇಕೆಂದರೆ ಒಂದೇ ದಾರಿ ತೋರುತ್ತದೆ. ಯಾರೂ ಕೂಡಿಡದ ಕಾಲದಲ್ಲಿ ಅಚ್ಚಾದ, ಹೆಸರಾಂತ ಸಂಸ್ಥೆ ಶ್ರೇಣಿ ಕೊಟ್ಟ, ವರ್ಷಕ್ಕೆ ಹಲವು ಬಾರಿ ಕೈಬದಲಾಗುವ ಒಂದೇ ಒಂದು ಒಳ್ಳೆಯ ಕಾರ್ಡ್ ಕೊಳ್ಳಿ. ಹೊಸ ಬಾಕ್ಸ್ ಹತ್ತು ಕೊಳ್ಳುವ ದುಡ್ಡನ್ನು ಅದೊಂದಕ್ಕೇ ಇಡಿ.

ಲೆಗೊ

ಸಂಗ್ರಹಕ್ಕೆಂದೇ ಮಾರುವ ವಸ್ತುಗಳ ನಡುವೆ ನನ್ನ ನಾಲ್ಕೂ ಪ್ರಶ್ನೆಗೆ ತಕ್ಕಮಟ್ಟಿಗೆ ಉತ್ತರ ಕೊಡುವುದು ಇದು. ಕೊಂಡವರಲ್ಲಿ ಬಹುಪಾಲು ಜನ ಪೆಟ್ಟಿಗೆ ಒಡೆದು ಕಟ್ಟುತ್ತಾರೆ, ಮಕ್ಕಳು ಆಡಿ ಬೆರೆಸುತ್ತಾರೆ. ಹಾಗಾಗಿ ಸೀಲ್ ಇರುವ ಪ್ರತಿಗಳು ತಾವಾಗಿಯೇ ಕಡಿಮೆಯಾಗುತ್ತವೆ. ಅಭಿಮಾನ ಕರಗಿದರೂ ಇಟ್ಟಿಗೆಗೆ ಇಟ್ಟಿಗೆಯ ಬೆಲೆ ಇದೆ.

ರಷ್ಯಾದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 1987ರಿಂದ 2015ರವರೆಗಿನ 2,322 ಸೀಲ್ ಸೆಟ್‌ಗಳ ಬೆಲೆ ನೋಡಿ, ಸರಾಸರಿ ವರ್ಷಕ್ಕೆ ನೂರಕ್ಕೆ 11ರ ಹತ್ತಿರ ಏರಿಕೆ ಕಂಡರು. ಈ ಸಂಖ್ಯೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ಅಧ್ಯಯನ ಹೇಳಿದ ಇನ್ನೊಂದನ್ನು ಹೇಳುವುದಿಲ್ಲ: ಸೆಟ್‌ನಿಂದ ಸೆಟ್‌ಗೆ ವ್ಯತ್ಯಾಸ ಅಗಾಧ, ಕೆಲವು ಹಲವು ಪಟ್ಟಾದವು, ಕೆಲವು ಅರ್ಧಕ್ಕಿಳಿದವು. ಏರಿಕೆ ಶುರುವಾಗುವುದೂ ತಯಾರಿಕೆ ನಿಂತು ಎರಡು ಮೂರು ವರ್ಷವಾದ ಮೇಲೆ.

ತಯಾರಕನ ಕೈ ಇಲ್ಲೂ ಸಡಿಲ. 2008ರಲ್ಲಿ ಬಂದ 5,922 ತುಂಡುಗಳ ತಾಜ್ ಮಹಲ್ ಸೆಟ್ ನಿಂತ ಮೇಲೆ ಸಂಗ್ರಹಕಾರರಲ್ಲಿ ದೊಡ್ಡ ಬೆಲೆಗೆ ಹೋಗುತ್ತಿತ್ತು. 2017ರಲ್ಲಿ ಕಂಪನಿ ಅದನ್ನೇ ಬೇರೆ ಸಂಖ್ಯೆ ಕೊಟ್ಟು ಮತ್ತೆ ತಂದಿತು. ಈ ಬಾರಿ ತುಂಡುಗಳು 5,923. ಹಳೆಯದನ್ನು ದುಬಾರಿಗೆ ಕೊಂಡಿದ್ದವರ ಹಣ ಕರಗಿತು. ಜತೆಗೆ, ಇಂದು ಸೆಟ್ ತೆಗೆದಿಡುವವರು 1990ರಲ್ಲಿದ್ದವರಿಗಿಂತ ಎಷ್ಟೋ ಹೆಚ್ಚು ಜನ. ಆ ಅಧ್ಯಯನ ನಡೆದ ಕಾಲದ ಸೆಟ್‌ಗಳನ್ನು ಹೆಚ್ಚಿನವರು ಆಟಕ್ಕೆ ಕೊಂಡಿದ್ದರು. ಮುಂದಿನ 11 ಅದೇ 11 ಆಗಿರುತ್ತದೆಂದು ನಾನು ನಂಬಲಾರೆ. ಜಾಗವನ್ನೂ ಮರೆಯಬೇಡಿ. ಇಪ್ಪತ್ತು ದೊಡ್ಡ ಪೆಟ್ಟಿಗೆ ಒಂದು ಕೋಣೆಯ ಗೋಡೆ ಮುಚ್ಚುತ್ತದೆ, ಮೂಲೆ ಜಜ್ಜಿದರೆ ಬೆಲೆ ಇಳಿಯುತ್ತದೆ.

ಕಾಮಿಕ್ಸ್ ಮತ್ತು ಡಿಜಿಟಲ್

ಎರಡರದೂ ಕಥೆ ಚಿಕ್ಕದು. 1938ರಲ್ಲಿ ಹತ್ತು ಸೆಂಟಿಗೆ ಮಾರಾಟವಾದ ಆಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆ 2024ರಲ್ಲಿ 60 ಲಕ್ಷ ಡಾಲರ್‌ಗೆ ಹೋಯಿತು. ಉಳಿದಿರುವುದು ನೂರರ ಆಸುಪಾಸು. 1991ರ ಎಕ್ಸ್-ಮೆನ್ ಮೊದಲ ಸಂಚಿಕೆಯನ್ನು ಬೇರೆಬೇರೆ ಮುಖಪುಟ ಹಾಕಿ 80 ಲಕ್ಷ ಪ್ರತಿಗೂ ಮೇಲೆ ಮಾರಿದರು, ಎಲ್ಲರೂ ಪ್ಲಾಸ್ಟಿಕ್ ಚೀಲದಲ್ಲಿಟ್ಟರು. ಅದನ್ನು ಇಂದೂ ಒಂದು ಊಟದ ಖರ್ಚಿಗಿಂತ ಕಡಿಮೆಗೆ ಕೊಳ್ಳಬಹುದು. ಇನ್ನು ಎನ್‌ಎಫ್‌ಟಿ, ಅಂದರೆ ಡಿಜಿಟಲ್ ವಸ್ತುವಿನ ಒಡೆತನಕ್ಕೆ ಕೊಡುವ ಡಿಜಿಟಲ್ ಪತ್ರ: ಟ್ವಿಟರ್ ಸ್ಥಾಪಕರಲ್ಲೊಬ್ಬರಾದ ಜಾಕ್ ಡಾರ್ಸಿ ಅವರ ಮೊದಲ ಟ್ವೀಟ್ 2021ರ ಮಾರ್ಚ್‌ನಲ್ಲಿ 29 ಲಕ್ಷ ಡಾಲರ್‌ಗೆ ಮಾರಾಟವಾಗಿ, ಮರುವರ್ಷ ಹರಾಜಿಗೆ ಬಂದಾಗ ಗಡುವಿನೊಳಗೆ ಬಂದ ಅತಿ ಹೆಚ್ಚಿನ ಕೂಗು 300 ಡಾಲರ್ ಮುಟ್ಟಲಿಲ್ಲ.

ಯಾರಿಗೆ ಯಾವುದು

ಸಣ್ಣ ಉಳಿತಾಯ, ಐದು ವರ್ಷದೊಳಗೆ ಬೇಕಾಗಬಹುದಾದ ಹಣ, ಮಕ್ಕಳ ಓದು ಅಥವಾ ಚಿಕಿತ್ಸೆಗೆಂದು ಇಟ್ಟದ್ದು: ಈ ಬರಹದ ಯಾವ ವಸ್ತುವಿಗೂ ಹಾಕಬೇಡಿ. ಬೇಕೆಂದ ದಿನ ಬೇಕಾದ ಬೆಲೆಗೆ ಕೊಳ್ಳುವವರು ಸಿಗುವುದಿಲ್ಲ. ಅತ್ತೆಗಾದದ್ದು ಅದೇ.

ಹಣದುಬ್ಬರದಿಂದ ಒಂದಿಷ್ಟು ರಕ್ಷಣೆ ಬೇಕು, ಕೈಯಲ್ಲಿ ವಸ್ತು ಇರಬೇಕು ಎನ್ನುವವರು ತೂಕದ ನಾಣ್ಯಕ್ಕೆ ಹೋಗಿ. ಕೊಳ್ಳುವ ಮುನ್ನ ಅದೇ ವ್ಯಾಪಾರಿಗೆ "ಇವತ್ತೇ ವಾಪಸ್ ತಂದರೆ ಎಷ್ಟು ಕೊಡುತ್ತೀರಿ?" ಎಂದು ಕೇಳಿ. ಉತ್ತರ ಕೊಡಲು ತಡವರಿಸಿದರೆ ಬೇರೆ ಕಡೆ ನೋಡಿ.

ಮನೆಯಲ್ಲಿ ಒಣ ಜಾಗವಿದೆ, ಹತ್ತು ವರ್ಷ ಮರೆತುಬಿಡಬಲ್ಲೆ, ಆ ಹಣ ಪೂರ್ತಿ ಹೋದರೂ ಸಂಸಾರ ಅಲುಗಾಡುವುದಿಲ್ಲ ಎನ್ನುವವರು ಲೆಗೊದ ಕೆಲವು ಸೆಟ್‌ಗಳನ್ನು ರಿಯಾಯಿತಿಯಲ್ಲಿ ಕೊಂಡಿಡಬಹುದು. ಪೂರ್ತಿ ಬೆಲೆಗೆ ಕೊಳ್ಳಬೇಡಿ. ಬೆಲೆ ಏರದಿದ್ದರೆ ಮಗುವಿನ ಕೈಗೆ ಕೊಡುವ ದಾರಿ ಇದ್ದೇ ಇದೆ. ವಿಷಯ ಆಳವಾಗಿ ಬಲ್ಲವರು, ಮೂಲೆಯ ಬಿಳಿ ಚುಕ್ಕೆ ಗುರುತಿಸಬಲ್ಲವರು, ಹಳೆಯ ಕಾರ್ಡ್ ಒಂದೆರಡಕ್ಕೆ ಕೈಹಾಕಬಹುದು. ಆ ಕಣ್ಣು ಪಳಗದೆ ದೊಡ್ಡ ಮೊತ್ತ ಹಾಕಬೇಡಿ.

ಪ್ರೀತಿಗೆ ಕೊಳ್ಳುವವರಿಗೆ ನನ್ನ ಯಾವ ತಕರಾರೂ ಇಲ್ಲ. ಕಪಾಟಿನಲ್ಲಿರುವ ಗೊಂಬೆ ದಿನಾ ಖುಷಿ ಕೊಡುತ್ತಿದ್ದರೆ ದುಡ್ಡು ಅಲ್ಲೇ ವಸೂಲಾಗಿದೆ. ಪೆಟ್ಟಿಗೆ ಒಡೆಯಿರಿ, ಮುಟ್ಟಿ ನೋಡಿ, ಸ್ನೇಹಿತರಿಗೆ ತೋರಿಸಿ. ಆ ಖರ್ಚನ್ನು ಉಳಿತಾಯದ ಪಟ್ಟಿಯಲ್ಲಿ ಮಾತ್ರ ಬರೆಯಬೇಡಿ.

ಈಗಾಗಲೇ ಮನೆಯಲ್ಲಿ ಪೆಟ್ಟಿಗೆಗಟ್ಟಲೆ ಇದೆ, ಏನು ಮಾಡಲಿ ಎನ್ನುವವರೂ ಇದ್ದಾರೆ. ಆನ್‌ಲೈನ್‌ನಲ್ಲಿ ಜನ ಕೇಳುತ್ತಿರುವ ಬೆಲೆ ನೋಡಬೇಡಿ, ಯಾರು ಎಷ್ಟು ಬೇಕಾದರೂ ಕೇಳಬಹುದು. ಮಾರಾಟ ಮುಗಿದ ಪಟ್ಟಿ ತೆಗೆದು, ಕಳೆದ ಮೂರು ತಿಂಗಳಲ್ಲಿ ಎಷ್ಟು ಬಾರಿ, ಎಷ್ಟಕ್ಕೆ ಹೋಗಿದೆ ಎಂದು ನೋಡಿ. ಆಮೇಲೆ ಒಂದೇ ಒಂದನ್ನು ಈ ವಾರವೇ ಮಾರಿ. ಫೋಟೊ ತೆಗೆದು, ವಿವರ ಬರೆದು, ಕೊಳ್ಳುವವರ ಪ್ರಶ್ನೆಗೆ ಉತ್ತರಿಸಿ, ಪ್ಯಾಕ್ ಮಾಡಿ ಕಳಿಸಿ, ಎಲ್ಲ ಖರ್ಚು ಕಳೆದು ಖಾತೆಗೆ ಬಂದ ಮೊತ್ತವನ್ನು ಒಂದು ಚೀಟಿಯಲ್ಲಿ ಬರೆಯಿರಿ. ಆ ಚೀಟಿಯನ್ನು ಉಳಿದ ಪೆಟ್ಟಿಗೆಗಳ ಮೇಲೆ ಅಂಟಿಸಿ, ಇನ್ನೊಂದು ಕೊಳ್ಳಬೇಕೋ ಬೇಡವೋ ಎಂಬುದನ್ನು ಅದರ ಮುಂದೆ ನಿಂತು ಯೋಚಿಸಿ.